ಕಾಯುವುದರ ಹೊಣೆ: ಗರ್ಭದ ಮೊದಲ ತಿಂಗಳುಗಳು ಮತ್ತು ವೈದ್ಯಕೀಯ ನಿರ್ಲಕ್ಷ್ಯದ ಪ್ರಶ್ನೆ

2012ರ ಅಕ್ಟೋಬರ್ 28ರ ನಸುಕಿನಲ್ಲಿ ಐರ್ಲೆಂಡ್ ದೇಶದ ಗಾಲ್ವೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ತೀರಿಕೊಂಡರು. ಅವರಿಗೆ 31 ವರ್ಷ. ಆಸ್ಪತ್ರೆಗೆ ಬಂದಾಗ 17 ವಾರಗಳ ಬಸುರಿ. ಈ ಗರ್ಭ ಉಳಿಯುವುದಿಲ್ಲವೆಂಬುದು ಅವರನ್ನು ದಾಖಲಿಸಿಕೊಂಡ ದಿನವೇ ವೈದ್ಯರಿಗೆ ತಿಳಿದಿತ್ತು. ಒಂದು ವಾರದೊಳಗೆ ತಾಯಿಯೂ ಉಳಿಯಲಿಲ್ಲ. ಆ ಸಾವಿನ ನೆನಪು ಐರ್ಲೆಂಡಿನ ಸಾರ್ವಜನಿಕ ಜೀವನದಿಂದ ಮಾಸಲೇ ಇಲ್ಲ. 2018ರ ಮೇ 25ರಂದು ನಡೆದ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇಕಡ 66.4ರಷ್ಟು ಮಂದಿ, 1983ರಲ್ಲಿ ಸಂವಿಧಾನಕ್ಕೆ ಸೇರಿದ್ದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು.

ಈ ಪ್ರಕರಣವನ್ನು ಕ್ರೈಸ್ತ ವಲಯಗಳಲ್ಲಿ ಚರ್ಚಿಸಿದಾಗಲೆಲ್ಲ ಮಾತು ಬಹುಬೇಗನೆ ಗರ್ಭಪಾತದ ಪರ ಮತ್ತು ವಿರೋಧದ ವಾದಕ್ಕೆ ತಿರುಗಿಬಿಡುತ್ತದೆ. ಆ ವಾದ ಅನಗತ್ಯವೆಂದು ನಾವು ಹೇಳುವುದಿಲ್ಲ. ಆದರೆ ಸಾವಿನ ಬಳಿಕ ನಡೆದ ತನಿಖೆಗಳ ವರದಿಗಳನ್ನು ಓದುವವರಿಗೆ ಅಲ್ಲಿ ಹೆಚ್ಚಾಗಿ ಸಿಗುವುದು ಬೇರೆ ಸಂಗತಿ: ನಾಡಿ, ಜ್ವರ, ರಕ್ತದ ಒತ್ತಡ, ತೆಗೆದ ರಕ್ತದ ಪರೀಕ್ಷೆಯ ಫಲಿತಾಂಶ, ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾಗಿದ್ದ ಮಾತು. ಕಾನೂನು ಇದನ್ನು ಆರೈಕೆಯ ಮಾನದಂಡ ಎಂದು ಕರೆಯುತ್ತದೆ. ಮುಂದೆ ಸಭಾಪಾಲಕರಾಗಿ ಆಸ್ಪತ್ರೆಯ ಹಾಸಿಗೆಯ ಬದಿಯಲ್ಲಿ ಕೂರಲಿರುವವರಿಗೆ, ಮಿಷನ್ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಕೂರಲಿರುವವರಿಗೆ, ಈ ಮಾನದಂಡದ ಅರ್ಥವೇನು, ದೇವಶಾಸ್ತ್ರಕ್ಕೆ ಅದರೊಡನೆ ಇರುವ ಸಂಬಂಧವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಕಾನೂನಿನ ಮಾತು. ವೈದ್ಯನ ಕೈಯಲ್ಲಿ ರೋಗಿ ಸತ್ತ ಮಾತ್ರಕ್ಕೆ ವೈದ್ಯ ತಪ್ಪಿತಸ್ಥನಾಗುವುದಿಲ್ಲ. 1957ರಲ್ಲಿ ಇಂಗ್ಲೆಂಡಿನ ಬೋಲಮ್ ಪ್ರಕರಣದಲ್ಲಿ ನ್ಯಾಯಾಲಯವು ಒಂದು ಅಳತೆಗೋಲನ್ನು ಮುಂದಿಟ್ಟಿತು. ಅದೇ ವಿದ್ಯೆಯಲ್ಲಿ ಪರಿಣತರಾದ ಜವಾಬ್ದಾರಿಯುತ ವೈದ್ಯರ ಒಂದು ಸಮೂಹ ಸರಿಯೆಂದು ಒಪ್ಪುವ ರೀತಿಯಲ್ಲಿ ವೈದ್ಯನು ನಡೆದುಕೊಂಡಿದ್ದರೆ ಅವನು ನಿರ್ಲಕ್ಷ್ಯ ಮಾಡಿದನೆನ್ನಲಾಗದು. ಅತ್ಯುತ್ತಮ ವೈದ್ಯನ ಚಳಕವನ್ನು ಎಲ್ಲರಿಂದಲೂ ಕಾನೂನು ಕೇಳುವುದಿಲ್ಲ. ಸಾಧಾರಣ ವೈದ್ಯನ ಎಚ್ಚರವನ್ನು ಮಾತ್ರ ಕೇಳುತ್ತದೆ. ಆ ಸಮೂಹದ ಅಭಿಪ್ರಾಯವೂ ತರ್ಕದ ಪರೀಕ್ಷೆಗೆ ನಿಲ್ಲಬೇಕೆಂದು 1997ರ ಬೊಲಿಥೊ ತೀರ್ಪು ಸೇರಿಸಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಬೋಲಮ್ ಅಳತೆಯನ್ನು ಸ್ವೀಕರಿಸಿ, ವೈದ್ಯನನ್ನು ಅಪರಾಧಿಯೆಂದು ಶಿಕ್ಷಿಸಬೇಕಾದರೆ ಸಾಮಾನ್ಯ ನಿರ್ಲಕ್ಷ್ಯ ಸಾಲದು, ಅದು ಘೋರವಾಗಿರಬೇಕು ಎಂದು ಹೇಳಿತು.

ಈ ಕಾನೂನಿನ ಬೇರು ಎಲ್ಲಿದೆ ಎಂಬುದು ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಕುತೂಹಲದ ವಿಷಯ. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನಲ್ಲಿ ಒಬ್ಬ ಹೆಂಗಸು ಕುಡಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬ ದೂರು 1932ರಲ್ಲಿ ಲಂಡನ್ನಿನ ಲಾರ್ಡ್ಸ್ ಸಭೆಯವರೆಗೆ ಹೋಯಿತು. ತಯಾರಕನಿಗೂ ಆಕೆಗೂ ಯಾವ ಕರಾರೂ ಇರಲಿಲ್ಲ. ಹಾಗಿದ್ದರೂ ಅವನಿಗೆ ಹೊಣೆಯಿದೆಯೇ? ನ್ಯಾಯಮೂರ್ತಿ ಲಾರ್ಡ್ ಆಟ್ಕಿನ್ ಉತ್ತರವನ್ನು ಹುಡುಕಿದ್ದು ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಭಾಷೆಯಲ್ಲಿ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯು ಕಾನೂನಿನಲ್ಲಿ ನೆರೆಯವನಿಗೆ ಹಾನಿಮಾಡಬಾರದೆಂಬ ನಿಯಮವಾಗುತ್ತದೆ ಎಂದ ಅವರು, ನನ್ನ ನೆರೆಯವನು ಯಾರು ಎಂಬ ಧರ್ಮೋಪದೇಶಕನ ಪ್ರಶ್ನೆಗೆ ಕಾನೂನಿನ ಉತ್ತರ ಹೆಚ್ಚು ಸಂಕುಚಿತವೆಂದು ಒಪ್ಪಿಕೊಂಡರು. ನನ್ನ ಕೆಲಸದಿಂದ ಅಥವಾ ನನ್ನ ಅಲಕ್ಷ್ಯದಿಂದ ಯಾರು ನೇರವಾಗಿ ಬಾಧಿತರಾಗುತ್ತಾರೆಂದು ನಾನು ಮುಂಚಿತವಾಗಿ ಊಹಿಸಿಕೊಳ್ಳಬೇಕೋ ಅವರೇ ನನ್ನ ನೆರೆಯವರು. ಇಂದು ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳು ನಿಂತಿರುವ ಹೊಣೆಯ ಕಲ್ಪನೆಯ ಹಿಂದೆ ಸಮಾರ್ಯದವನ ಸಾಮ್ಯದ ನೆರಳಿದೆ.

ಆದರೆ ಸಾಮ್ಯವು ಕಾನೂನಿಗಿಂತ ಒಂದು ಹೆಜ್ಜೆ ಮುಂದಿದೆ, ಆ ಹೆಜ್ಜೆಯನ್ನು ನಮ್ಮ ಪ್ರಸಂಗಗಳಲ್ಲಿ ನಾವು ಸಾಮಾನ್ಯವಾಗಿ ದಾಟಿಬಿಡುತ್ತೇವೆ. ಸಮಾರ್ಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ. ಅದು ಆ ಕಾಲದ ಚಿಕಿತ್ಸೆ. ಛತ್ರಕ್ಕೆ ಕರೆದುಕೊಂಡು ಹೋಗಿ ರಾತ್ರಿ ತಾನೇ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ಹಣ ಕೊಟ್ಟು, ಇವನನ್ನು ನೋಡಿಕೋ ಎಂದು ಒಪ್ಪಿಸಿ, ಹೆಚ್ಚಿನ ಖರ್ಚನ್ನು ತಾನು ತಿರುಗಿ ಬರುವಾಗ ಕೊಡುತ್ತೇನೆಂದ. ಇಲ್ಲಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ರೋಗಿಯನ್ನು ವಹಿಸಿಕೊಡುವ ಕ್ರಮವಿದೆ, ಮತ್ತೆ ಬಂದು ನೋಡುವ ಮಾತಿದೆ. ಗರ್ಭದ ಮೊದಲ ತಿಂಗಳುಗಳ ಚಿಕಿತ್ಸೆಯಲ್ಲಿ ಬಹುಪಾಲು ತಪ್ಪುಗಳಾಗುವುದು ಸರಿಯಾಗಿ ಈ ಎರಡು ಜಾಗಗಳಲ್ಲಿ.

ಹಳೆಯ ಒಡಂಬಡಿಕೆಯಲ್ಲಿಯೂ ಈ ವಿಚಾರಕ್ಕೆ ನೆಲೆಯಿದೆ. ವಿಮೋಚನಕಾಂಡ 21:22ರಲ್ಲಿ ಜಗಳವಾಡುವ ಗಂಡಸರು ಬಸುರಿಗೆ ತಾಕಿ ಆಕೆಯ ಗರ್ಭ ಹೊರಬಿದ್ದರೆ ನ್ಯಾಯಾಧಿಪತಿಗಳ ಮೂಲಕ ದಂಡ ತೆರಬೇಕೆಂಬ ವಿಧಿಯಿದೆ. ಗರ್ಭಕ್ಕೆ ಯಾವ ಸ್ಥಾನವಿದೆ ಎಂಬ ವಾದಕ್ಕಾಗಿ ಈ ವಚನವನ್ನು ಎಲ್ಲ ಪಕ್ಷದವರೂ ಎಳೆದಾಡಿದ್ದಾರೆ. ಇಬ್ರಿಯ ಮೂಲದಲ್ಲಿ 'ಹಾನಿ' ಎಂಬುದು ತಾಯಿಗೋ ಮಗುವಿಗೋ ಎಂಬುದು ಅಸ್ಪಷ್ಟ. ಗ್ರೀಕಿನ ಎಪ್ಪತ್ತರ ಅನುವಾದವು ರೂಪುಗೊಂಡ ಪಿಂಡ, ರೂಪುಗೊಳ್ಳದ ಪಿಂಡ ಎಂಬ ಭೇದವನ್ನು ತಂದು ಇನ್ನೊಂದೇ ದಾರಿ ಹಿಡಿಯಿತು. ನಾವು ಗಮನಿಸಬೇಕಾದದ್ದು ವಚನದ ಸುತ್ತಣ ವಿಧಿಗಳನ್ನು. ಅದೇ ಅಧ್ಯಾಯದ 19ನೆಯ ವಚನ, ಗಾಯಗೊಳಿಸಿದವನು ಗಾಯಗೊಂಡವನನ್ನು ಪೂರ್ತಿ ಗುಣವಾಗುವವರೆಗೆ ವಾಸಿಮಾಡಿಸಬೇಕೆನ್ನುತ್ತದೆ. 29ನೆಯ ವಚನದಲ್ಲಿ ಹಾಯುವ ಎತ್ತಿನ ಮಾತು ಬರುತ್ತದೆ. ಎತ್ತಿಗೆ ಹಾಯುವ ಚಾಳಿಯಿದೆಯೆಂದು ಮೊದಲೇ ಎಚ್ಚರಿಸಿದ್ದರೂ ಯಜಮಾನ ಅದನ್ನು ಕಟ್ಟದಿದ್ದರೆ ಹೊಣೆ ಅವನದು. ಧರ್ಮೋಪದೇಶಕಾಂಡ 22:8 ಹೊಸ ಮನೆಯ ಮಾಳಿಗೆಗೆ ಕಟಾಂಜನ ಕಟ್ಟಿಸಬೇಕೆನ್ನುತ್ತದೆ, ಯಾರಾದರೂ ಬಿದ್ದರೆ ಆ ರಕ್ತಾಪರಾಧ ಮನೆಯವನ ಮೇಲೆ. ಕೆಡುಕು ಮಾಡುವ ಮನಸ್ಸು ಇರಲಿಲ್ಲವೆಂಬ ಸಮಾಧಾನವನ್ನು ಈ ವಿಧಿಗಳು ಒಪ್ಪುವುದಿಲ್ಲ. ಮುಂಗಾಣಬಹುದಾದ ಅಪಾಯವನ್ನು ಮುಂಗಾಣದಿರುವುದೂ ದೇವರ ಮುಂದೆ ಲೆಕ್ಕಕ್ಕೆ ಬರುವ ಸಂಗತಿ.

ಇನ್ನು ವೈದ್ಯಕೀಯದ ಕಡೆಗೆ. ಬಸಿರಿನ ಮೊದಲ ಮೂರು ತಿಂಗಳಲ್ಲಿ ರಕ್ತಸ್ರಾವ ಅಥವಾ ಹೊಟ್ಟೆನೋವು ಕಾಣಿಸುವುದು ಅಪರೂಪವಲ್ಲ. ಬಹಳ ಸಲ ಅದು ತಾನಾಗಿ ನಿಂತು ಬಸಿರು ಮುಂದುವರಿಯುತ್ತದೆ. ಕೆಲವು ಸಲ ಗರ್ಭ ಇಳಿಯುತ್ತದೆ. ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ಕೊನೆಗಾಣುತ್ತವೆ. ನೂರಕ್ಕೆ ಒಂದೆರಡು ಬಸಿರುಗಳಲ್ಲಿ ಪಿಂಡವು ಗರ್ಭಕೋಶದ ಹೊರಗೆ ನೆಲೆಯೂರಿರುತ್ತದೆ, ಅವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಅಂಡನಾಳದಲ್ಲಿ. ಆ ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಕಷ್ಟವಿರುವುದು ಇಲ್ಲಿ: ಈ ಮೂರೂ ಸ್ಥಿತಿಗಳು ಮೊದಲ ದಿನ ಒಂದೇ ಮುಖ ತೋರಿಸಬಹುದು. ಅಂಡನಾಳದ ಬಸಿರು ವಾಂತಿಭೇದಿಯ ವೇಷದಲ್ಲಿಯೂ ಬರಬಹುದು, ಅಂಥವಳನ್ನು 'ಗ್ಯಾಸ್ಟ್ರಿಕ್' ಎಂದು ಮಾತ್ರೆ ಕೊಟ್ಟು ಮನೆಗೆ ಕಳುಹಿಸುವ ಅಪಾಯವಿದೆ. ಆದುದರಿಂದ ಹೆರುವ ವಯಸ್ಸಿನ ಹೆಂಗಸು ಹೊಟ್ಟೆನೋವೆಂದೋ ತಲೆಸುತ್ತಿ ಬಿದ್ದೆನೆಂದೋ ಬಂದರೆ ಮೊದಲು ಬಸಿರಿನ ಪರೀಕ್ಷೆ ಮಾಡಬೇಕೆಂಬುದು ಇಂದು ಎಲ್ಲೆಡೆ ಒಪ್ಪಿತವಾದ ಮಟ್ಟ. ಬಸಿರಿದ್ದು ಸ್ಕ್ಯಾನಿನಲ್ಲಿ ಅದು ಎಲ್ಲಿದೆಯೆಂದು ಕಾಣದಿದ್ದರೆ ರಕ್ತದಲ್ಲಿನ ಬಸಿರಿನ ಹಾರ್ಮೋನನ್ನು ಅಳೆದು, 48 ಗಂಟೆಗಳ ಬಳಿಕ ಮತ್ತೆ ಅಳೆಯಬೇಕು. ಒಂದು ಸಂಖ್ಯೆಯಿಂದ ಹೆಚ್ಚೇನೂ ತಿಳಿಯದು. ಎರಡರ ನಡುವಣ ಏರಿಳಿತ ದಾರಿ ತೋರಿಸುತ್ತದೆ. ಆ 48 ಗಂಟೆಗಳಲ್ಲಿ ಆಕೆ ಎಲ್ಲಿರುತ್ತಾಳೆ, ನೋವು ಹೆಚ್ಚಾದರೆ ಎಲ್ಲಿಗೆ ಬರಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಹೇಳಿ ಕಳುಹಿಸುವುದೂ ಚಿಕಿತ್ಸೆಯ ಭಾಗವೇ.

ಕನ್ನಡದಲ್ಲಿ 'ಕಾಯುವುದು' ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಬಸ್ಸಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಇಬ್ರಿಯದಲ್ಲಿ ಎದುರುನೋಡುವುದಕ್ಕೂ ಕಾಪಾಡುವುದಕ್ಕೂ ಬೇರೆ ಬೇರೆ ಧಾತುಗಳಿದ್ದರೂ, 121ನೆಯ ಕೀರ್ತನೆಯಲ್ಲಿ ತೂಕಡಿಸದ ದೇವರಿಗೆ ಬಳಸಿದ 'ಶಾಮರ್' ಧಾತುವಿನಿಂದಲೇ 130ನೆಯ ಕೀರ್ತನೆಯ ಕಾವಲುಗಾರರು ಹುಟ್ಟಿದ್ದಾರೆ, ಮತ್ತು ಅವರು ಅಲ್ಲಿ ಬೆಳಗನ್ನು ಎದುರುನೋಡುತ್ತಿದ್ದಾರೆ. ಬಸಿರಿನ ಮೊದಲ ತಿಂಗಳುಗಳಲ್ಲಿ ವೈದ್ಯನು ಮಾಡುವ ಕೆಲಸದ ದೊಡ್ಡ ಭಾಗ ಕಾಯುವುದೇ. ಆ ಕಾಯುವಿಕೆಯಲ್ಲಿ ಎದುರುನೋಡುವಿಕೆಯೊಂದೇ ಉಳಿದು ಕಾವಲು ಬಿಟ್ಟುಹೋದಾಗ ನಿರ್ಲಕ್ಷ್ಯ ಹುಟ್ಟುತ್ತದೆ. ಐರ್ಲೆಂಡಿನಲ್ಲಿಯೇ ಕೆಲವು ವರ್ಷಗಳ ಅಂತರದಲ್ಲಿ ನಡೆದ ಎರಡು ಘಟನೆಗಳು ಇದರ ಎರಡು ಬದಿಗಳನ್ನು ತೋರಿಸುತ್ತವೆ.

ಮೊದಲನೆಯದು 2010ರಲ್ಲಿ ಬೆಳಕಿಗೆ ಬಂದದ್ದು. ಎಳೆಯ ಬಸಿರಿನ ಒಬ್ಬ ತಾಯಿಗೆ ಸ್ಕ್ಯಾನ್ ಮಾಡಿ, ಪಿಂಡ ಸತ್ತಿದೆ ಎಂದು ಹೇಳಿ, ಗರ್ಭವನ್ನು ಹೊರಹಾಕುವ ಔಷಧಿಯನ್ನೂ ಬರೆದುಕೊಟ್ಟರು. ಆಕೆಗೆ ಮನಸ್ಸು ಒಪ್ಪಲಿಲ್ಲ. ಮತ್ತೊಂದು ಕಡೆ ಸ್ಕ್ಯಾನ್ ಮಾಡಿಸಿದಾಗ ಮಿಡಿತ ಕಂಡಿತು. ಮುಂದೆ ಆರೋಗ್ಯವಂತ ಮಗು ಹುಟ್ಟಿತು. ಸುದ್ದಿ ಹೊರಬಿದ್ದೊಡನೆ ತಮಗೂ ಹೀಗೇ ಆಗಿತ್ತೆಂದು ಬೇರೆ ಹೆಂಗಸರೂ ಮುಂದೆ ಬಂದುದರಿಂದ ದೇಶಮಟ್ಟದ ಪರಿಶೀಲನೆ ನಡೆದು 2011ರಲ್ಲಿ ವರದಿ ಹೊರಬಂತು. 2012ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇಂಥ ತಪ್ಪನ್ನು ತಡೆಯುವ ಅಳತೆಗಳನ್ನು ಸ್ಪಷ್ಟಪಡಿಸಿತು. ಯೋನಿಮಾರ್ಗದ ಸ್ಕ್ಯಾನಿನಲ್ಲಿ ಪಿಂಡದ ಉದ್ದ 7 ಮಿಲಿಮೀಟರಿಗಿಂತ ಕಡಿಮೆಯಿದ್ದು ಮಿಡಿತ ಕಾಣದಿದ್ದರೆ ಗರ್ಭ ಸತ್ತಿದೆಯೆಂದು ತೀರ್ಮಾನಿಸಬಾರದು. ಕಡಿಮೆಯೆಂದರೆ 7 ದಿನ ಬಿಟ್ಟು ಮತ್ತೆ ನೋಡಬೇಕು. ಪಿಂಡವೇ ಕಾಣದ ಗರ್ಭಚೀಲ 25 ಮಿಲಿಮೀಟರಿಗಿಂತ ಚಿಕ್ಕದಿದ್ದರೂ ಹಾಗೆಯೇ. ಇಲ್ಲಿ ತಪ್ಪು ಆತುರದ್ದು. ಒಂದು ವಾರ ಕಾದಿದ್ದರೆ ಜೀವ ತಾನೇ ಸಾಕ್ಷಿ ಹೇಳುತ್ತಿತ್ತು.

ಎರಡನೆಯದು ಗಾಲ್ವೇಯದು. 2012ರ ಅಕ್ಟೋಬರ್ 21ರ ಭಾನುವಾರ ಸವಿತಾ ಬೆನ್ನುನೋವೆಂದು ಆಸ್ಪತ್ರೆಗೆ ಬಂದರು. ನೋಡಿ ಮನೆಗೆ ಕಳುಹಿಸಿದರು. ಕೆಲವೇ ಗಂಟೆಗಳಲ್ಲಿ ನೋವು ಹೆಚ್ಚಾಗಿ ತಿರುಗಿ ಬಂದರು. ಗರ್ಭ ಇಳಿಯುವುದು ಖಚಿತವೆಂದು ಆಗ ತಿಳಿಯಿತು. ಅಂದು ತೆಗೆದ ರಕ್ತದಲ್ಲಿ ಬಿಳಿಯ ಕಣಗಳು ಹೆಚ್ಚಿದ್ದವು, ಅದು ಸೋಂಕಿನ ಸೂಚನೆಯಾಗಿರಬಹುದು. ಆ ಫಲಿತಾಂಶವನ್ನು ಯಾರೂ ಬೆನ್ನಟ್ಟಲಿಲ್ಲ. ಸೋಮವಾರ ನಸುಕಿನಲ್ಲಿ ನೀರು ಒಡೆಯಿತು. ನೀರು ಒಡೆದ ಮೇಲೆ ಗರ್ಭಕೋಶ ಸೋಂಕಿಗೆ ತೆರೆದ ಬಾಗಿಲು. ನಾಲ್ಕು ಗಂಟೆಗೊಮ್ಮೆ ನಾಡಿ, ಜ್ವರ, ಉಸಿರು, ಒತ್ತಡ ನೋಡಬೇಕೆಂಬ ಆಸ್ಪತ್ರೆಯದೇ ನಿಯಮವಿತ್ತು. ಅದು ಪಾಲನೆಯಾಗಲಿಲ್ಲ. ಮಂಗಳವಾರ ಗರ್ಭವನ್ನು ತೆಗೆದುಬಿಡಬಹುದೇ ಎಂದು ದಂಪತಿಗಳು ಕೇಳಿದಾಗ, ಪಿಂಡದ ಮಿಡಿತ ಇರುವವರೆಗೆ ಕಾನೂನು ಬಿಡುವುದಿಲ್ಲವೆಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ಒಬ್ಬ ಸೂಲಗಿತ್ತಿ ಶುಶ್ರೂಷಕಿ ಆಡಿದ್ದರು. ಕೊರೊನರ್ ವಿಚಾರಣೆಯಲ್ಲಿ ಅವರೇ ಅದನ್ನು ಒಪ್ಪಿಕೊಂಡು ವಿಷಾದಿಸಿದರು. ಬುಧವಾರ ಬೆಳಗಾಗುವ ಮುನ್ನ ತೀವ್ರ ಜ್ವರ, ಓಡುವ ನಾಡಿ, ದುರ್ವಾಸನೆಯ ಸ್ರಾವ ಕಾಣಿಸಿಕೊಂಡವು. ಆ ಮಧ್ಯಾಹ್ನ ಪಿಂಡ ತಾನಾಗಿ ಹೊರಬಂತು. ಅಷ್ಟರಲ್ಲಿ ನಂಜು ಮೈಯೆಲ್ಲ ಹರಡಿತ್ತು. ನಾಲ್ಕನೆಯ ರಾತ್ರಿ ತೀವ್ರ ನಿಗಾ ಘಟಕದಲ್ಲಿ ಅವರು ತೀರಿಕೊಂಡರು.

2013ರ ಏಪ್ರಿಲಿನಲ್ಲಿ ಕೊರೊನರ್ ವಿಚಾರಣೆಯ ತೀರ್ಪುಗಾರರು ಒಮ್ಮತದಿಂದ ಇದನ್ನು ವೈದ್ಯಕೀಯ ಅವಘಡವೆಂದರು. ಜೂನ್ ತಿಂಗಳಲ್ಲಿ ಪ್ರೊಫೆಸರ್ ಸಬರತ್ನಂ ಅರುಳ್‌ಕುಮಾರನ್ ನೇತೃತ್ವದ ತನಿಖಾ ವರದಿ ಹೊರಬಂತು. ಅಕ್ಟೋಬರಿನಲ್ಲಿ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ವರದಿಯು ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿಮಾಡಿತು. ಅರುಳ್‌ಕುಮಾರನ್ ವರದಿಯ ತಿರುಳು ಹೀಗಿದೆ: ರೋಗಿಯ ಸ್ಥಿತಿಯನ್ನು ಸಾಕಷ್ಟು ಅಳೆಯಲಿಲ್ಲ, ಗಮನಿಸಲಿಲ್ಲ, ಲಭ್ಯವಿದ್ದ ಎಲ್ಲ ದಾರಿಗಳನ್ನು ಆಕೆಯ ಮುಂದಿಡಲಿಲ್ಲ, ನಂಜಿನ ಚಿಕಿತ್ಸೆಯ ನಿಯಮಗಳನ್ನು ಪಾಲಿಸಲಿಲ್ಲ. ಪಿಂಡದ ಮಿಡಿತ ನಿಲ್ಲುವವರೆಗೆ ಕೈಹಾಕಬಾರದೆಂಬುದರ ಮೇಲೆ ಅತಿಯಾದ ಒತ್ತು ಬಿದ್ದು, ತಾಯಿಯ ಸೋಂಕನ್ನು ಗಮನಿಸುವುದರ ಮೇಲೆ ಬೀಳಬೇಕಾದ ಒತ್ತು ಕಡಿಮೆಯಾಯಿತೆಂದು ವರದಿ ಹೇಳಿತು. ಕಾನೂನನ್ನು ಹೇಗೆ ಅರ್ಥೈಸಬೇಕೆಂಬ ಗೊಂದಲವನ್ನೂ ಸಾವಿಗೆ ನೆರವಾದ ಕಾರಣಗಳಲ್ಲಿ ಎಣಿಸಿತು.

ಈ ಕೊನೆಯ ಮಾತು ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ್ದು. ಆ ಕಾನೂನಿನ ಹಿಂದೆ ಒಂದು ದೇವಶಾಸ್ತ್ರವಿತ್ತು. ಆದರೆ ಆ ದೇವಶಾಸ್ತ್ರವು ನಿಜವಾಗಿ ಏನನ್ನು ಕೇಳುತ್ತಿತ್ತು? ಕ್ಯಾಥೊಲಿಕ್ ನೀತಿಶಾಸ್ತ್ರದಲ್ಲಿ ಇಮ್ಮಡಿ ಪರಿಣಾಮದ ತತ್ವವೆಂಬುದೊಂದಿದೆ. ಆತ್ಮರಕ್ಷಣೆಯ ಬಗ್ಗೆ ಬರೆಯುವಾಗ ಅಕ್ವಿನೊದ ತೋಮಸನು ಅದಕ್ಕೆ ಅಡಿಪಾಯ ಹಾಕಿದ: ಒಂದು ಕಾರ್ಯಕ್ಕೆ ಎರಡು ಪರಿಣಾಮಗಳಿದ್ದು, ಅವುಗಳಲ್ಲಿ ಒಳ್ಳೆಯದು ಉದ್ದೇಶಿತವಾಗಿ ಕೆಟ್ಟದ್ದು ಉದ್ದೇಶಕ್ಕೆ ಹೊರತಾಗಿದ್ದರೆ ಆ ಕಾರ್ಯ ಧರ್ಮಸಮ್ಮತವಾಗಬಹುದು. ಅಂಡನಾಳದ ಬಸಿರಿನ ವಿಷಯದಲ್ಲಿ ಈ ತತ್ವದ ಇತಿಹಾಸ ಸ್ವಾರಸ್ಯಕರವಾಗಿದೆ. 1902ರಲ್ಲಿ ರೋಮಿನ ಪವಿತ್ರ ಕಾರ್ಯಾಲಯವು ಬದುಕಲಾರದ ಎಳೆಯ ಪಿಂಡವನ್ನು ಗರ್ಭಕೋಶದ ಹೊರಗಿನಿಂದ ತೆಗೆಯುವುದು ಸಲ್ಲದೆಂದು ಉತ್ತರಿಸಿತು. 1933ರಲ್ಲಿ ಜೆಸ್ವಿತ್ ಪಂಡಿತ ಬೌಸ್ಕಾರೆನ್ ಈ ಶಸ್ತ್ರಕ್ರಿಯೆಗಳ ಬಗ್ಗೆಯೇ ಒಂದು ಗ್ರಂಥ ಬರೆದು, ಅಂಡನಾಳವೇ ರೋಗಗ್ರಸ್ತವಾಗಿರುವುದರಿಂದ ಆ ನಾಳವನ್ನು ಕತ್ತರಿಸಿ ತೆಗೆಯಬಹುದು, ಪಿಂಡದ ಸಾವು ಅದರ ಅನುದ್ದೇಶಿತ ಫಲ ಎಂದು ವಾದಿಸಿದರು. ಆ ವಾದ ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ನೆಲೆಯೂರಿತು. ಅದರಿಂದ ಎಷ್ಟೋ ತಾಯಂದಿರು ಬದುಕಿದರು; ಅದನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ಇಂದು ನಾಳವನ್ನು ಉಳಿಸಿ ಪಿಂಡವನ್ನು ಮಾತ್ರ ತೆಗೆಯುವ ಶಸ್ತ್ರಕ್ರಿಯೆಯಿದೆ, ಮೆಥೋಟ್ರೆಕ್ಸೇಟ್ ಎಂಬ ಚುಚ್ಚುಮದ್ದಿದೆ. ಇವು ಪಿಂಡದ ಮೇಲೆ ನೇರವಾಗಿ ಎಸಗುವ ಕಾರ್ಯಗಳೆಂದು ಕೆಲವು ನೀತಿಶಾಸ್ತ್ರಜ್ಞರು ಇನ್ನೂ ತಡೆಯುತ್ತಾರೆ. ಪಿಂಡ ಬದುಕುವ ಸಾಧ್ಯತೆಯೇ ಇಲ್ಲದಿರುವಾಗ ತಾಯಿಯ ನಾಳವನ್ನು ಕಳೆಯುವುದು ಹೆಚ್ಚು ಪವಿತ್ರವೆಂಬ ತರ್ಕ ನಮಗೆ ಒಪ್ಪಿಗೆಯಾಗುವುದಿಲ್ಲ. ಒಪ್ಪುವವರು ಕೂಡ ಇನ್ನೊಂದು ದಾರಿಯಿದೆಯೆಂಬ ಸಂಗತಿಯನ್ನು ರೋಗಿಗೆ ಹೇಳದಿರಲು ಅಧಿಕಾರ ಉಳ್ಳವರಲ್ಲ. ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ಹೊಣೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ವಿವರವಾಗಿ ವಿಧಿಸಿದೆ.

ಗಾಲ್ವೇಯ ಸ್ಥಿತಿ ಇದಕ್ಕಿಂತ ಸರಳವಾಗಿತ್ತು. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು ಆಸ್ಪತ್ರೆಗಳಿಗೆ ಕೊಟ್ಟಿರುವ ನಿರ್ದೇಶನಗಳಲ್ಲಿ 47ನೆಯದು, ತಾಯಿಯ ಗಂಭೀರ ರೋಗಕ್ಕೆ ಬೇಕಾದ ಚಿಕಿತ್ಸೆಯನ್ನು ಮಗು ಬದುಕಬಲ್ಲ ಹಂತದವರೆಗೆ ಸುರಕ್ಷಿತವಾಗಿ ಮುಂದೂಡಲಾಗದಿದ್ದರೆ, ಅದರಿಂದ ಮಗು ಸಾಯುವಂತಿದ್ದರೂ, ಆ ಚಿಕಿತ್ಸೆಗೆ ಅವಕಾಶ ಕೊಡುತ್ತದೆ. ಐರ್ಲೆಂಡಿನ ಸರ್ವೋಚ್ಚ ನ್ಯಾಯಾಲಯವೂ 1992ರಲ್ಲಿಯೇ ತಾಯಿಯ ಜೀವಕ್ಕೆ ನಿಜವಾದ, ಗಣನೀಯವಾದ ಅಪಾಯವಿದ್ದಾಗ ಗರ್ಭ ತೆಗೆಯುವುದು ಸಮ್ಮತವೆಂದಿತ್ತು. ಅಂದರೆ ಅತ್ಯಂತ ಕಟ್ಟುನಿಟ್ಟಾದ ಬೋಧನೆಯೂ ಸೋಂಕು ಹತ್ತಿದ ಗರ್ಭಕೋಶವನ್ನು ಹಾಗೆಯೇ ಬಿಡಲು ಹೇಳಿರಲಿಲ್ಲ. ಅಪಾಯ ಯಾವಾಗ 'ಗಣನೀಯ'ವಾಯಿತೆಂದು ತಿಳಿಯಬೇಕಾದರೆ ಅಪಾಯವನ್ನು ಗಂಟೆ ಗಂಟೆಗೆ ಅಳೆಯುತ್ತಿರಬೇಕಾಗಿತ್ತು. ಮಿಡಿತವೊಂದನ್ನೇ ನೋಡುತ್ತ ಕೂತವರಿಗೆ ಅದು ಕಾಣಲಿಲ್ಲ. ಹೀಗೆ ಹೇಳಿದರೂ ನೀತಿಶಾಸ್ತ್ರವನ್ನು ಪೂರ್ತಿ ದೋಷಮುಕ್ತಗೊಳಿಸಲು ನಮಗೆ ಮನಸ್ಸಿಲ್ಲ. 2009ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಕ್ಯಾಥೊಲಿಕ್ ಆಸ್ಪತ್ರೆಯೊಂದರಲ್ಲಿ 11 ವಾರಗಳ ಬಸುರಿ, ನಾಲ್ಕು ಮಕ್ಕಳ ತಾಯಿ, ಶ್ವಾಸಕೋಶದ ರಕ್ತದೊತ್ತಡದಿಂದ ಸಾಯುವ ಹಂತದಲ್ಲಿದ್ದಾಗ ನೀತಿ ಸಮಿತಿಯು ಗರ್ಭ ತೆಗೆಯಲು ಒಪ್ಪಿತು, ತಾಯಿ ಬದುಕಿದಳು. ಸಮಿತಿಯಲ್ಲಿದ್ದ ಸಿಸ್ಟರ್ ಮಾರ್ಗರೆಟ್ ಮೆಕ್‌ಬ್ರೈಡ್ ಅವರು ಸಭಾಬಹಿಷ್ಕಾರಕ್ಕೆ ಒಳಗಾಗಿದ್ದಾರೆಂದು ಅಲ್ಲಿಯ ಬಿಷಪ್ಪರು ಸಾರಿದರು. ಇಂಥ ಸುದ್ದಿ ಕೇಳಿದ ಯುವ ವೈದ್ಯನ ಕೈ ಮುಂದಿನ ಸಲ ನಡುಗಿದರೆ ಆಶ್ಚರ್ಯವಿಲ್ಲ. ಬರೆದ ನಿಯಮಕ್ಕಿಂತ ಅದರ ಸುತ್ತಣ ಭಯ ದೊಡ್ಡದಾಗಿ ಬೆಳೆಯುತ್ತದೆ, ಆ ಭಯ ಬೆಳೆಯದಂತೆ ನೋಡಿಕೊಳ್ಳುವುದು ಬೋಧಕರ ಕೆಲಸ.

ನಮ್ಮ ದೇಶದ ಕಾನೂನಿನಲ್ಲಿ ಆ ಭಯಕ್ಕೆ ಆಸ್ಪದ ಕಡಿಮೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ 5ನೆಯ ಕಲಮು, ತಾಯಿಯ ಜೀವ ಉಳಿಸಲು ತಕ್ಷಣ ಅವಶ್ಯವೆಂದು ವೈದ್ಯನು ಪ್ರಾಮಾಣಿಕವಾಗಿ ಭಾವಿಸಿದರೆ ವಾರಗಳ ಮಿತಿಯನ್ನೂ ಎರಡನೆಯ ವೈದ್ಯರ ಅಭಿಪ್ರಾಯವನ್ನೂ ಅಡ್ಡ ತರುವುದಿಲ್ಲ. ಮಿಷನ್ ಆಸ್ಪತ್ರೆಗಳ ಆಡಳಿತದವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. 1995ರ ವಿ. ಪಿ. ಶಾಂತಾ ತೀರ್ಪಿನ ಪ್ರಕಾರ ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗಿದೆ. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಆ ಬಡ ರೋಗಿಗೂ ದೂರು ಕೊಡುವ ಹಕ್ಕಿದೆ. ಧರ್ಮಾರ್ಥವಾಗಿ ನೋಡಿದ್ದೇವೆ, ಆಕೆ ಕೇಳುವುದೇನು ಎಂಬ ಮನೋಭಾವ ನಮ್ಮ ಸಂಸ್ಥೆಗಳಲ್ಲಿ ಇಲ್ಲವೆಂದು ಹೇಳಲಾರೆವು. ಮಾರ್ಕನು 5:26ರಲ್ಲಿ ರಕ್ತಕುಸುಮ ರೋಗದ ಹೆಂಗಸು ಹಲವು ವೈದ್ಯರ ಕೈಯಲ್ಲಿ ಬಹಳ ಕಷ್ಟಪಟ್ಟು, ಇದ್ದದ್ದನ್ನೆಲ್ಲ ಕಳೆದುಕೊಂಡು, ಇನ್ನೂ ಹೀನಸ್ಥಿತಿಗೆ ಬಂದಳೆಂದು ಮುಚ್ಚುಮರೆಯಿಲ್ಲದೆ ಬರೆದ. ವೈದ್ಯನೆಂದು ಸಂಪ್ರದಾಯ ಹೇಳುವ ಲೂಕನು ಅದೇ ಕಥೆಯಲ್ಲಿ ಆ ಮಾತನ್ನು ಎಷ್ಟು ಮೆತ್ತಗೆ ಮಾಡಿದ್ದಾನೆಂಬುದನ್ನು 8:43ರಲ್ಲಿ ನೋಡಬಹುದು. ವೃತ್ತಿಬಾಂಧವರು ಒಬ್ಬರನ್ನೊಬ್ಬರು ಬಿಟ್ಟುಕೊಡದಿರುವುದು ಹೊಸ ರೂಢಿಯಲ್ಲವೆಂದು ನಗೆಯಾಡುವವರೂ ಇದ್ದಾರೆ.

ಸಭಾಪಾಲಕನ ಬಳಿಗೆ ಬರುವ ಪ್ರಶ್ನೆ ಸಾಮಾನ್ಯವಾಗಿ ಕಾನೂನಿನದಲ್ಲ. ಗರ್ಭ ಇಳಿದ ಹೆಂಗಸು ಕೇಳುವುದು, ಇದು ನನ್ನ ತಪ್ಪೇ ಎಂದು. ಭಾರ ಎತ್ತಿದೆನೇ, ಪಪ್ಪಾಯಿ ತಿಂದೆನೇ, ಗಂಡನೊಡನೆ ಜಗಳವಾಡಿದ್ದರಿಂದ ದೇವರು ಹೀಗೆ ಮಾಡಿದನೇ? ಮೊದಲ ಮೂರು ತಿಂಗಳ ಗರ್ಭನಷ್ಟಗಳಲ್ಲಿ ಸುಮಾರು ಅರ್ಧಕ್ಕೆ ಪಿಂಡದ ವರ್ಣತಂತುಗಳ ದೋಷವೇ ಕಾರಣ. ಅಲ್ಲಿ ತಾಯಿಯ ತಪ್ಪೂ ಇಲ್ಲ, ವೈದ್ಯನ ತಪ್ಪೂ ಇಲ್ಲ. 1542ರಲ್ಲಿ ಮಾರ್ಟಿನ್ ಲೂಥರನು ಗರ್ಭ ಕಳೆದುಕೊಂಡ ಸ್ತ್ರೀಯರ ಸಾಂತ್ವನಕ್ಕಾಗಿ ಒಂದು ಕಿರುಬರಹ ಬರೆದ. ತಮ್ಮ ಅಲಕ್ಷ್ಯದಿಂದ ಆಗದ ನಷ್ಟಕ್ಕಾಗಿ ಅವರನ್ನು ಹೆದರಿಸಬಾರದು, ಅವರ ಮಾತಿಲ್ಲದ ನಿಟ್ಟುಸಿರೂ ದೇವರ ಮುಂದೆ ಪ್ರಾರ್ಥನೆಯೇ ಎಂಬುದು ಅದರ ಸಾರ. ಆದರೆ ತಪ್ಪಿಲ್ಲದ ಕಡೆ ತಪ್ಪಿಲ್ಲವೆಂದು ಹೇಳಬೇಕಾದರೆ, ತಪ್ಪಿರುವ ಕಡೆ ಅದನ್ನು ತಪ್ಪೆಂದು ಹೇಳುವ ಧೈರ್ಯವೂ ಇರಬೇಕು. ಎಲ್ಲವನ್ನೂ ದೇವರ ಚಿತ್ತವೆಂದು ಮುಚ್ಚುವ ಸಾಂತ್ವನ ಆ ತಾಯಿಯ ಮನಸ್ಸಿನಲ್ಲಿ ತಪ್ಪನ್ನು ತನ್ನ ಮೇಲೆಯೇ ಉಳಿಸುತ್ತದೆ.

ಕ್ಷಮಿಸಬೇಕಾದವರು ದೂರು ಕೊಡಬಹುದೇ ಎಂದು ಕೇಳುವ ಕುಟುಂಬಗಳಿಗೆ ನಮ್ಮ ಉತ್ತರ ಇಷ್ಟು: ಏನು ನಡೆಯಿತೆಂದು ತಿಳಿಯದೆ ಏನನ್ನು ಕ್ಷಮಿಸುವುದು? ಸವಿತಾ ಅವರ ಪತಿ ಮತ್ತು ಬೆಳಗಾವಿಯಲ್ಲಿದ್ದ ತಂದೆತಾಯಿ ಲೆಕ್ಕ ಕೇಳಿದರು. 2013ರಲ್ಲಿ ಐರ್ಲೆಂಡಿನ ಹೆರಿಗೆ ಆಸ್ಪತ್ರೆಗಳಿಗೆಲ್ಲ ಒಂದೇ ಬಗೆಯ ಮುನ್ನೆಚ್ಚರಿಕೆಯ ಪಟ್ಟಿ ಬಂತು. ನಾಡಿ, ಜ್ವರ, ಉಸಿರಿನ ಅಂಕಿಗಳು ಗೆರೆ ದಾಟಿದರೆ ಯಾರನ್ನು ಕರೆಯಬೇಕೆಂದು ಅದರಲ್ಲಿಯೇ ಬರೆದಿರುತ್ತದೆ. 2014ರಲ್ಲಿ ನಂಜಿನ ಚಿಕಿತ್ಸೆಗೆ ರಾಷ್ಟ್ರೀಯ ಮಾರ್ಗಸೂಚಿ ಬಂತು. ನಮ್ಮಲ್ಲಿ 2002ರ ವೈದ್ಯರ ವೃತ್ತಿನಿಯಮಗಳಂತೆ ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. ದುಃಖದ ಮೊದಲ ವಾರಗಳಲ್ಲಿ ಮನೆಯವರಿಗೆ ಇದು ತೋಚುವುದಿಲ್ಲ. ಅರ್ಜಿಯನ್ನು ಬರೆದುಕೊಟ್ಟು ಅವರೊಡನೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಿಬರಲು ಸಭಾಪಾಲಕನಿಗೆ ಒಂದು ಬೆಳಗು ಸಾಕು. ಗಾಲ್ವೇಯ ವರದಿಗಳಿಗೆ ಆಧಾರ ಸಿಕ್ಕಿದ್ದೂ ಅಂಥ ಹಾಳೆಗಳಲ್ಲಿಯೇ, ಯಾವ ಗಂಟೆಗೆ ನಾಡಿ ನೋಡಿದ್ದರು, ಯಾವ ಗಂಟೆಯ ಜಾಗ ಖಾಲಿ ಇತ್ತು ಎಂಬುದರಲ್ಲಿ.